ಪೂರ್ವಕಥೆ ಯಾರದು?

ಅಟ್ಟ ಗುಡಿಸುವುದು ನಮ್ಮ ಮನೆಯಲ್ಲಿ ದೀಪಾವಳಿಗೆ ಮುಂಚೆ ತಪ್ಪದೆ ಬರುವ ಕಷ್ಟ. ಈ ಸಲ ಏಣಿ ಹತ್ತಿದವಳು ಇಳಿಯುವಾಗ ಮಧ್ಯಾಹ್ನವಾಗಿತ್ತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಬಿಟ್ಟುಹೋದ ರಟ್ಟಿನ ಪೆಟ್ಟಿಗೆಯೊಂದು ಕೈಗೆ ಸಿಕ್ಕಿತು. ಬಿಚ್ಚಿದರೆ ಬರೀ ಇಂಗ್ಲಿಷ್ ಕಾಮಿಕ್ಸು. ರದ್ದಿಯವನಿಗೆ ಹಾಕಲೇ ಎಂದು ಫೋನಿನಲ್ಲಿ ಕೇಳಿದೆ. "ಅಯ್ಯೋ ಅಮ್ಮ, ಅದನ್ನ ಮುಟ್ಟಬೇಡ!" ಎಂದ. ಮುಟ್ಟಬೇಡ ಎಂದಮೇಲೆ ಓದದೆ ಬಿಡುವುದುಂಟೆ?

ಮಕ್ಕಳ ಪುಸ್ತಕವೆಂದು ತೆರೆದವಳು ಬೆಚ್ಚಿಬಿದ್ದೆ. ಇವುಗಳಲ್ಲಿ ದುಷ್ಟನಿರಲಿ, ನಾಯಕನೇ ಮೂಳೆ ಮುರಿಯುತ್ತಾನೆ. ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರ ಬಿಡಿಸಿದ 'ವಾಚ್‌ಮೆನ್' ಅಮೆರಿಕದಲ್ಲಿ 1986-87ರಲ್ಲಿ 12 ಸಂಚಿಕೆಗಳಾಗಿ ಬಂದದ್ದು. ಅದರಲ್ಲಿ ರೋರ್‌ಶಾಕ್ ಎಂಬ ಒಬ್ಬನಿದ್ದಾನೆ. ಶಾಯಿ ಚೆಲ್ಲಿದಂಥ ಮುಖವಾಡ ಹಾಕಿಕೊಂಡು, ಸುದ್ದಿ ಹೊರಡಿಸಲು ಕಂಡವರ ಬೆರಳು ಮುರಿಯುತ್ತಾನೆ. 6ನೆಯ ಸಂಚಿಕೆಯಲ್ಲಿ ಜೈಲಿನ ಮನೋವೈದ್ಯನ ಮುಂದೆ ಅವನ ಹಿಂದಿನ ಬದುಕು ಬಿಚ್ಚಿಕೊಳ್ಳುತ್ತದೆ. ಹೊಡೆಯುವ ತಾಯಿ, ಹಂಗಿಸುವ ಬೀದಿಹುಡುಗರು, ಕೊನೆಗೆ ಒಂದು ಪುಟ್ಟ ಹುಡುಗಿಯ ಕೊಲೆ. ಕೇಳಿದ ವೈದ್ಯನೂ ಮೊದಲಿನವನಾಗಿ ಉಳಿಯುವುದಿಲ್ಲ. ಓದಿ ನಾನೂ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಅವನ ಮೇಲೆ ಮರುಕ ಬಂತು, ಆದರೂ ಅವನು ಮಾಡಿದ್ದು ಸರಿ ಅನ್ನಿಸಲಿಲ್ಲ. ಅಷ್ಟು ಸಾಕಿತ್ತು ನೋಡಿ.

ಆದರೆ ಮಾರುವವರಿಗೆ ಅಷ್ಟು ಸಾಕಾಗಲಿಲ್ಲ. ಮೂರ್ ಬೇಡವೆಂದರೂ ಕೇಳದೆ ಡಿಸಿ ಕಂಪನಿ 2012ರಲ್ಲಿ 'ಬಿಫೋರ್ ವಾಚ್‌ಮೆನ್' ಎಂದು ಈ ಪಾತ್ರಗಳ ಪೂರ್ವಕಥೆಗಳನ್ನು ಬೇರೆಯವರಿಂದ ಬರೆಸಿತು. ರೋರ್‌ಶಾಕ್‌ನ ಪಾಲಿಗೆ 4 ಸಂಚಿಕೆ. ಬರೆದವರು ಬ್ರಯಾನ್ ಅಜರೆಲ್ಲೊ, ಚಿತ್ರ ಲೀ ಬರ್ಮೆಹೊ ಅವರದು. 1977ರ ನ್ಯೂಯಾರ್ಕನ್ನು ಕಣ್ಣಿಗೆ ಕಟ್ಟುವಂತೆ ಬಿಡಿಸಿದ್ದಾರೆ. ಹೊಡೆತ ಬಡಿತಕ್ಕೂ ಬರವಿಲ್ಲ. ಅವನ ಬಗ್ಗೆ ನನಗೆ ಹೊಸದಾಗಿ ತಿಳಿದದ್ದೇನು ಎಂದರೆ ಏನೂ ಇಲ್ಲ. ಒಗ್ಗರಣೆ ಹಾಕಿದ ಸಾರಿಗೆ ಮತ್ತೆ ಒಗ್ಗರಣೆ ಹಾಕಿದ ಹಾಗಿತ್ತು.

ಪೂರ್ವಕಥೆಯ ಚಪಲ ನಮಗೂ ಹೊಸದಲ್ಲ ಅನ್ನಿ. ರಾವಣ ಕುಂಭಕರ್ಣರು ಹಿಂದೆ ವೈಕುಂಠದ ದ್ವಾರಪಾಲಕರಾದ ಜಯವಿಜಯರಾಗಿದ್ದರಂತೆ, ಶಾಪದಿಂದ ಹಾಗೆ ಹುಟ್ಟಿದರಂತೆ. ಕೇಳಿದರೆ ಅಯ್ಯೋ ಅನ್ನಿಸುತ್ತದೆ. ಆದರೆ ಅದರಿಂದ ಅಶೋಕವನದಲ್ಲಿ ಕೂತವಳ ಒಂದು ದಿನದ ಕಣ್ಣೀರಾದರೂ ಕಡಿಮೆಯಾಯಿತೇ?

ನಮ್ಮ ಮನೆಯಲ್ಲೂ ಒಂದು ಪೂರ್ವಕಥೆಯಿತ್ತು. ನಮ್ಮ ಮಾವನವರಿಗೆ ಮೂಗಿನ ತುದಿಯಲ್ಲೇ ಕೋಪ. ಹುಳಿಗೆ ಉಪ್ಪು ಹೆಚ್ಚಾದರೆ ತಟ್ಟೆ ಅಂಗಳದಲ್ಲಿ. ನಾನು ಹೊಸ ಸೊಸೆ, ನಡುಗುತ್ತ ನಿಂತರೆ ಅತ್ತೆ ಅನ್ನ ಬಳಿಯುತ್ತ ಮೆಲ್ಲಗೆ ಹೇಳುತ್ತಿದ್ದರು, "ಏನೂ ಅಂದ್ಕೋಬೇಡ. ಆರು ವರ್ಷಕ್ಕೇ ತಾಯಿ ಹೋದ್ರು. ಕಂಡವರ ಮನೆ ಜಗಲಿ ಮೇಲೆ ಬೆಳೆದೋರು." ಮಾತು ಸುಳ್ಳಲ್ಲ. ಆದರೆ ಆ ಆರು ವರ್ಷದ ಹುಡುಗನನ್ನು ಎಷ್ಟು ಸಲ ನಮ್ಮ ಮುಂದೆ ನಿಲ್ಲಿಸಿದರೆಂದರೆ, ತಟ್ಟೆ ಎಸೆದ ಅರುವತ್ತರ ಗಂಡಸು ಪ್ರತಿಸಲವೂ ಅವನ ಹಿಂದೆ ಮರೆಯಾಗಿಬಿಡುತ್ತಿದ್ದರು.

ಪೆಟ್ಟಿಗೆಯಲ್ಲಿ ಮೂರ್ ಬರೆದ ಇನ್ನೊಂದು ಪುಸ್ತಕವಿತ್ತು, 1988ರ 'ದಿ ಕಿಲ್ಲಿಂಗ್ ಜೋಕ್'. ಚಿತ್ರ ಬ್ರಯಾನ್ ಬೋಲಂಡ್ ಅವರದು. ಅದರಲ್ಲಿ ಜೋಕರ್ ಎಂಬ ಕೊಲೆಗಾರನಿಗೊಂದು ಹಿಂದಿನ ಕಥೆ. ಯಾರನ್ನೂ ನಗಿಸಲಾರದ ಬಡ ವಿದೂಷಕ, ಬಸುರಿ ಹೆಂಡತಿಯ ಸಾವು. ನಿಜವೋ ಸುಳ್ಳೋ, ಅವನಿಗೇ ನೆಟ್ಟಗೆ ನೆನಪಿಲ್ಲ. ಅಂಥವನು ಪೊಲೀಸ್ ಕಮಿಷನರರ ಮಗಳು ಬಾರ್ಬರಾ ಗಾರ್ಡನ್ ಬಾಗಿಲು ತೆಗೆದ ಕೂಡಲೇ ಗುಂಡು ಹಾರಿಸುತ್ತಾನೆ. ಅವಳ ಬೆನ್ನುಹುರಿಯೇ ಹೋಯಿತು. ಅಪ್ಪನನ್ನು ಹುಚ್ಚು ಹಿಡಿಸಲೆಂದು ಮಗಳಿಗೆ ಗುಂಡು! ಕೊನೆಯಲ್ಲಿ ನಾಯಕನೂ ಖಳನೂ ಒಟ್ಟಿಗೆ ನಗುತ್ತಾರೆ. ಅವಳು ಆ ಪುಟದಲ್ಲಿ ಇಲ್ಲ.

ತಡೆಯಲಾಗದೆ ಮಗನಿಗೆ ಮತ್ತೆ ಫೋನ್ ಮಾಡಿದೆ. "ಆ ಹುಡುಗಿಗೆ ಆಮೇಲೆ ಏನಾಯ್ತೋ?"

ಅವನು ನಕ್ಕ. ಆದರೂ ಹೇಳಿದ. ಜಾನ್ ಆಸ್ಟ್ರಾಂಡರ್ ಮತ್ತು ಕಿಮ್ ಯೇಲ್ ಎಂಬ ದಂಪತಿ ಅವಳನ್ನು ಅಲ್ಲಿಗೇ ಬಿಡಲಿಲ್ಲವಂತೆ. 1989ರಿಂದ ಅವಳು 'ಆರಕಲ್' ಎಂಬ ಹೆಸರಿನಲ್ಲಿ, ಗಾಲಿಕುರ್ಚಿಯಲ್ಲಿ ಕೂತೇ ಕಂಪ್ಯೂಟರಿನಿಂದ ಊರನ್ನೆಲ್ಲ ಕಾಯುವವಳಾದಳಂತೆ. 1996ರಲ್ಲಿ ಅದೇ ದಂಪತಿ ಅದರ ಹಿಂದಿನ ಕಥೆಯನ್ನೂ ಬರೆದರಂತೆ. ಆಸ್ಪತ್ರೆಯ ದಿನಗಳು, ಅವಳ ಸಿಟ್ಟು, ಕುರ್ಚಿಯಲ್ಲಿ ಕೂತೇ ಕೋಲು ಬೀಸಲು ಕಲಿತದ್ದು. ಮುಂದಿನ ಸಲ ಬರುವಾಗ ಅದನ್ನು ತರಲು ಹೇಳಿದ್ದೇನೆ.

ಪೂರ್ವಕಥೆ ಬೇಕೇ ಬೇಡವೇ ಎಂದರೆ ಈಗ ನನ್ನ ಉತ್ತರ ಇಷ್ಟೆ. ಹೊಡೆಯುವವನ ಬಾಲ್ಯ ಒಮ್ಮೆ ಹೇಳಿ, ಬೇಡವೆನ್ನುವುದಿಲ್ಲ. ಇನ್ನೊಂದು ಮಗು ಹಾಗಾಗದಂತೆ ನೋಡಿಕೊಳ್ಳಲು ಅದು ಬೇಕು. ಆದರೆ ಹತ್ತು ಸಲ ಹೇಳುತ್ತಾ ಹೋದರೆ ಅದು ಕಾರಣವಾಗಿ ಉಳಿಯುವುದಿಲ್ಲ, ವಕಾಲತ್ತಾಗುತ್ತದೆ. ಏಟು ತಿಂದವರ ಕಥೆ ಒಮ್ಮೆಯೂ ಹೇಳದೆ ಉಳಿದಿದೆಯಲ್ಲ, ಅದರ ಸರದಿ ಯಾವಾಗ?

ನಮ್ಮ ಅತ್ತೆಗೆ ಈಗ ಎಂಬತ್ತನಾಲ್ಕು. ಮಾವ ಹೋಗಿ ಎಷ್ಟೋ ವರ್ಷವಾಯಿತು. ಅತ್ತೆಯ ಎಡಹುಬ್ಬಿನ ಮೇಲೊಂದು ಗಾಯದ ಕಲೆ. ಅಟ್ಟದ ಏಣಿಯಿಂದ ಬಿದ್ದದ್ದೆಂದು ಮದುವೆಯಾಗಿ ಬಂದ ದಿನದಿಂದ ಕೇಳಿದ್ದೆ. ಅಂದು ಸಂಜೆ ಹೂಬತ್ತಿ ಹೊಸೆಯುತ್ತಾ ಕೂತವರ ಪಕ್ಕ ಕೂತು ಕೇಳಿದೆ, "ಅತ್ತೆ, ಏಣಿಯಿಂದ ಬಿದ್ದದ್ದು ಹೌದಾ?"

ಅವರ ಕೈ ನಿಂತಿತು. "ಹಿತ್ತಾಳೆ ಚೊಂಬು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇಷ್ಟು ವರ್ಷದಲ್ಲಿ ಯಾರೂ ಕೇಳ್ಲಿಲ್ಲ ನೋಡು" ಎಂದರು.

ಆ ರಾತ್ರಿ ಅಡುಗೆ ತಡವಾಯಿತು. ಅತ್ತೆ ಹೇಳುತ್ತಾ ಹೋದರು, ನಾನು ಕೇಳುತ್ತಾ ಕೂತೆ.