ಹಿಟ್ಟಿನ ಕೋಳಿ, ಗಣಕದ ಗೋಡೆ

ಮೊಮ್ಮಗನು ಗಣಕಯಂತ್ರದ ಮುಂದೆ ಕುಳಿತು 'ಟಿಯರ್‌ಡೌನ್' ಆಡುತ್ತಿದ್ದನು. ಸ್ವೀಡನ್ನಿನ ಟಕ್ಸೀಡೊ ಲ್ಯಾಬ್ಸ್ ಸಂಸ್ಥೆ 2022ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಆಟವಿದು. ಅದರ ಕಟ್ಟಡ, ವಾಹನಗಳೆಲ್ಲ ಸಣ್ಣ ಸಣ್ಣ ಘನಗಳಿಂದಾದವು. ಸುತ್ತಿಗೆಯಿಂದಲೋ, ಸ್ಫೋಟಕದಿಂದಲೋ, ಲಾರಿ ನುಗ್ಗಿಸಿಯೋ ಒಡೆದು ದಾರಿ ಮಾಡಿಕೊಳ್ಳಬೇಕು.

"ಇದು ಹಿಂಸೆಯಲ್ಲವೇ ಮಗು?" ಎಂದೆನು.

"ಮನೆಯೊಳಗೆ ಯಾರೂ ಇಲ್ಲ, ಅಜ್ಜಾ."

ನನಗೆ ಜನ್ನನ 'ಯಶೋಧರ ಚರಿತೆ' ನೆನಪಾಯಿತು. ಯಶೋಧರನು ಬಲಿಯಿತ್ತದ್ದು ಹಿಟ್ಟಿನ ಕೋಳಿಯನ್ನು. ಆದರೂ ಆ ಸಂಕಲ್ಪಹಿಂಸೆಯಿಂದ ತಾಯಿಮಗ ಭವಭವಗಳಲ್ಲಿ ತೊಳಲಿದರು. ಇದನ್ನೇ ಹೇಳಿ ಗದರಬೇಕೆಂದು ಹುಡುಗನ ಮುಖ ನೋಡಿದೆನು. ಅಲ್ಲಿ ದ್ವೇಷವಿರಲಿಲ್ಲ, ದಾರಿ ಹುಡುಕುವ ಏಕಾಗ್ರತೆಯಿತ್ತು.

ಆಗ ನನ್ನನ್ನೇ ನೋಡಿಕೊಂಡೆನು. ಹಿತ್ತಿಲ ಗಡಿಯಲ್ಲಿ ತಮ್ಮನು ಕಟ್ಟಿಸಿದ ಗೋಡೆ ಉರುಳಲೆಂದು ಎಂಟು ವರ್ಷಗಳಿಂದ ಬಯಸುತ್ತಿರುವವನು ನಾನು. ಕೈಯಲ್ಲಿ ಸುತ್ತಿಗೆ ಹಿಡಿಯಲಿಲ್ಲ, ನಿಜ. ಮನಸ್ಸಿನಲ್ಲಿ ಅದನ್ನು ಕೆಡವದ ದಿನವಿಲ್ಲ. ನಿತ್ಯವೂ ಬಸದಿಗೆ ಹೋಗುತ್ತೇನೆ, ರಾತ್ರಿ ಉಣ್ಣುವುದಿಲ್ಲ. ಭಾವಹಿಂಸೆಯ ಲೆಕ್ಕದಲ್ಲಿ ನಮ್ಮಿಬ್ಬರೊಳಗೆ ಸಾಲಗಾರರಾರು?

"ಆಡು, ಒಡೆಯುವುದೇ ಸುಖವೆನಿಸಿದ ದಿನ ನಿಲ್ಲಿಸು" ಎಂದಷ್ಟೇ ಹೇಳಿದೆನು. ಕ್ಷಮಾವಣಿಯವರೆಗೆ ಕಾಯದೆ, ಅಂದು ಸಂಜೆಯೇ ತಮ್ಮನ ಬಾಗಿಲಿಗೆ ನಡೆದೆನು.