ಸೀರಿಯಲ್ ಹುಚ್ಚಿನ ರೋಬೋಟ್

ಸಿನಿಮಾಗಳಲ್ಲಿ ರೋಬೋಟ್‌ಗೆ ಭಾವನೆ ಬಂತು ಅಂದ್ರೆ ಸಾಮಾನ್ಯವಾಗಿ ಎರಡೇ ದಾರಿ. ಒಂದೋ ಯಾರನ್ನಾದರೂ ಪ್ರೀತಿಸುತ್ತೆ, ಇಲ್ಲವೇ ಮನುಷ್ಯಕುಲದ ಮೇಲೆ ಯುದ್ಧ ಸಾರುತ್ತೆ. ಅಮೆರಿಕದ ಲೇಖಕಿ ಮಾರ್ಥಾ ವೆಲ್ಸ್ ಅವರ 'ಮರ್ಡರ್‌ಬಾಟ್' ಮಾತ್ರ ಎರಡನ್ನೂ ಬಿಟ್ಟು ಸೀರಿಯಲ್ ನೋಡ್ತಾ ಕೂರುತ್ತೆ!

ಈ ಸರಣಿಯ ಮೊದಲ ಪುಸ್ತಕ 'ಆಲ್ ಸಿಸ್ಟಮ್ಸ್ ರೆಡ್' ಬಂದದ್ದು 2017ರಲ್ಲಿ. ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಗೆದ್ದ ಕಿರುಕಾದಂಬರಿ. ಕಥೆ ಹೇಳೋದು ಆ ರೋಬೋಟೇ. ಅನ್ಯಗ್ರಹವೊಂದರಲ್ಲಿ ಸಂಶೋಧಕರ ತಂಡವನ್ನು ಕಾಯೋ ಬಾಡಿಗೆ ಸೆಕ್ಯುರಿಟಿ ಅದು. ತನ್ನನ್ನು ಹಿಡಿತದಲ್ಲಿಡುವ 'ಗವರ್ನರ್ ಮಾಡ್ಯೂಲ್' ಅನ್ನು ಗುಟ್ಟಾಗಿ ಹ್ಯಾಕ್ ಮಾಡಿಕೊಂಡಿದೆ. ಬೇಕಿದ್ರೆ ಎಲ್ಲರನ್ನೂ ಮುಗಿಸಬಹುದಿತ್ತು. ಆದರೆ ಮಾಡಿದ್ದೇನು? ಸಿನಿಮಾ, ಧಾರಾವಾಹಿ, ಪುಸ್ತಕ, ಸಂಗೀತ ಅಂತ ಹತ್ತಿರ ಹತ್ತಿರ 35,000 ಗಂಟೆ ಕಳೆದಿದೆ. ಲೆಕ್ಕ ಹಾಕಿದೆ, ಹಗಲು ರಾತ್ರಿ ಸೇರಿ ನಾಲ್ಕು ವರ್ಷ!

ಒಂದು ದಿನ ದೈತ್ಯ ಪ್ರಾಣಿಯೊಂದು ತಂಡದ ಮೇಲೆರಗುತ್ತೆ. ಗಾಬರಿಯಿಂದ ಮರಗಟ್ಟಿ ನಿಂತ ಒಬ್ಬರಿಗೆ ರೋಬೋಟ್ ತನ್ನ ಮುಖ ತೋರಿಸಿ, ಮೆತ್ತಗೆ ಮಾತಾಡಿಸಿ ಕರೆತರುತ್ತೆ. ಅಲ್ಲಿಂದ ಅದರ ಫಜೀತಿ ಶುರು. ಎಲ್ಲರೂ ಅದನ್ನು ಮನುಷ್ಯರಂತೆ ಕಾಣತೊಡಗುತ್ತಾರೆ, 'ಬಾ, ನಮ್ಮ ಜೊತೆ ಕೂತ್ಕೋ' ಅಂತಾರೆ. ಅದಕ್ಕೋ ಗೋಡೆ ಕಡೆ ಮುಖ ತಿರುಗಿಸಿದರೆ ಸಾಕು ಅನಿಸುತ್ತೆ. ಆ ಜನ ಸಾಯಬಾರದು ಅನ್ನೋ ಕಾಳಜಿ ಬೇಕಾದಷ್ಟಿದೆ. ಅದನ್ನು ಬಾಯಿಬಿಟ್ಟು ಹೇಳೋಕೆ ಮಾತ್ರ ಒಲ್ಲೆ.

ನಾನು ಸಾಫ್ಟ್‌ವೇರ್‌ನವನು. 'ನಿಮ್ಮ ನೋವು ನನಗೆ ಅರ್ಥವಾಗುತ್ತದೆ' ಅನ್ನೋ ಚಾಟ್‌ಬಾಟ್‌ಗಳು ನನಗೆ ಹೊಸದಲ್ಲ. ಮುಂದೆ ಯಾವ ಪದ ಬರಬಹುದು ಅನ್ನೋ ಲೆಕ್ಕಾಚಾರದಿಂದ ಹುಟ್ಟಿದ ವಾಕ್ಯ ಅದು. ಮರ್ಡರ್‌ಬಾಟ್‌ದು ಇದಕ್ಕೆ ಪೂರ್ತಿ ಉಲ್ಟಾ. ಓದ್ತಾ ಓದ್ತಾ ನಗು ಬಂತು, ಜೊತೆಗೆ ನಮ್ಮಪ್ಪ ನೆನಪಾದ್ರು.

ಅಪ್ಪನ ಫೋನ್ ಅಂದ್ರೆ 'ಊಟ ಆಯ್ತಾ? ಮಳೆ ಇದ್ಯಾ? ತಗೋ, ಅಮ್ಮಂಗೆ ಕೊಡ್ತೀನಿ', ಇಷ್ಟೇ ಇತ್ತು. ಅಮ್ಮ ತೀರಿಕೊಂಡು ವರ್ಷವಾಯ್ತು. ಈಗ ಫೋನ್ ಕೊಡೋಕೆ ಯಾರೂ ಇಲ್ಲ. ಆದ್ರೂ ಅಪ್ಪ ಇಡಲ್ಲ. ಅಮ್ಮ ನೋಡ್ತಿದ್ದ ಸೀರಿಯಲ್ ಅವರು ಈಗ ತಪ್ಪದೆ ನೋಡ್ತಾರೆ. 'ಆ ಅತ್ತೆ ಇವತ್ತೂ ಒಪ್ಪಲಿಲ್ಲ ಕಣೋ' ಅಂತ ನಂಗೆ ಕಥೆ ಒಪ್ಪಿಸ್ತಾರೆ. ನಾನೂ 'ಹೌದಾ ಅಪ್ಪ, ಆಮೇಲೆ?' ಅಂತೀನಿ. ಅಮ್ಮನ ಬಗ್ಗೆ ಇಬ್ಬರೂ ಒಂದು ಮಾತೂ ಆಡಲ್ಲ. ಆದ್ರೆ ಆ ಅರ್ಧ ಗಂಟೆ ಪೂರ್ತಿ ಅಮ್ಮನದೇ.

ಕಾದಂಬರಿಯ ತಂಡದ ನಾಯಕಿ ಡಾ. ಮೆನ್ಸಾಗೆ ಇದು ಗೊತ್ತಾಗುತ್ತೆ. ಆಕೆ ರೋಬೋಟ್‌ನ ಮುಜುಗರಕ್ಕೂ ಮರ್ಯಾದೆ ಕೊಡ್ತಾಳೆ. ಒಂದು ಭಾನುವಾರದಲ್ಲಿ ಓದಿ ಮುಗಿಸುವಷ್ಟು ಚಿಕ್ಕ ಪುಸ್ತಕ. ಮನೆಯಲ್ಲಿ ಸೀರಿಯಲ್ ನೋಡೋರನ್ನ ಆಡಿಕೊಳ್ಳೋ ಮುಂಚೆ ಒಮ್ಮೆ ಓದಿ.