ಗುಡ್ಡದ ಮೇಲಿನ ಕಚೇರಿ

ಶಿರಸಿಯಿಂದ ಸಿದ್ದಾಪುರಕ್ಕೆ ಹೊರಟ ಬಸ್ಸು ಪೇಟೆಯನ್ನು ದಾಟಿದ ಮೇಲೆ ಹಾದಿಯ ಎರಡು ಕಡೆಗೂ ಕಾಡು ಕವಿದುಕೊಳ್ಳುತ್ತದೆ. ಡಾಂಬರು ರಸ್ತೆಯನ್ನು ಬಿಟ್ಟು ಕೆಮ್ಮಣ್ಣಿನ ದಾರಿಯಲ್ಲಿ ಇಳಿದರೆ ಕಣಿವೆಯ ತಳದಲ್ಲಿ ಅಡಿಕೆಯ ತೋಟ. ತೋಟದ ಅಂಚಿನಲ್ಲಿ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಒಂದೇ ಒಂದು ಮನೆ. ನೀರು ನೆರಳುಗಳಿರುವಲ್ಲಿ ತೋಟ, ತೋಟವಿರುವಲ್ಲಿ ಮನೆ ಎಂಬುದು ಇಲ್ಲಿಯ ಹಿರಿಯರ ಲೆಕ್ಕ. ಮೊಮ್ಮಕ್ಕಳು ಗಾಳಿಯಲ್ಲಿ ಬರುವ ಅಲೆಗಳನ್ನು ಹಿಡಿದು ಅನ್ನ ಸಂಪಾದಿಸಬೇಕಾದೀತೆಂದು ತಿಳಿದಿದ್ದರೆ, ಅವರು ಗುಡ್ಡದ ನೆತ್ತಿಯ ಮೇಲೆಯೇ ಅಡಿಗಲ್ಲು ಹಾಕುತ್ತಿದ್ದರೋ ಏನೋ!

2020ರ ಮಾರ್ಚಿಯಲ್ಲಿ ಶಿರಸಿಯ ಮಾರಿಕಾಂಬೆಯ ಜಾತ್ರೆ ಮುಗಿದು ಹೆಚ್ಚು ದಿನಗಳಾಗಿರಲಿಲ್ಲ. 25ನೆಯ ತಾರೀಖಿನಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಸುಮಾರು 400 ಕಿಲೋಮೀಟರು ದೂರದ ಬೆಂಗಳೂರಿನಲ್ಲಿದ್ದ ತರುಣ ತರುಣಿಯರು, ಕಚೇರಿಯ ಗಣಕಯಂತ್ರವನ್ನು ಚೀಲದಲ್ಲಿಟ್ಟುಕೊಂಡು, ದಾರಿ ತೆರೆದಂತೆಲ್ಲ ಈ ಕಣಿವೆಗಳಿಗೆ ಮರಳಿದರು. ಮನೆಯೊಳಗೆ ಮೊಬೈಲು ಮೂಕ. ಗುಡ್ಡದ ಮೇಲೆ ಬಿದಿರಿನ ಗಳ ನೆಟ್ಟು, ಅಡಿಕೆಯ ಸೋಗೆ ಹೊದಿಸಿ, ಅದರ ಮೇಲೊಂದು ಪ್ಲಾಸ್ಟಿಕ್ಕಿನ ಹಾಳೆ ಬಿಗಿದರು. ಅದೇ ಕಚೇರಿ; ಪಕ್ಕದಲ್ಲಿ ಕಾಲೇಜಿನ ಹುಡುಗರ ಪಾಠಶಾಲೆ. ಜೂನಿನ ಮಳೆಯಲ್ಲಿ ಕಾಲಿಗೆ ಹತ್ತಿದ ಉಂಬಳವನ್ನು ಕೀಳಲೂ ಪುರಸೊತ್ತಿಲ್ಲದೆ ಗಂಭೀರವಾಗಿ ಇಂಗ್ಲಿಷಿನಲ್ಲಿ ಲೆಕ್ಕ ಒಪ್ಪಿಸಿದವರುಂಟು.

ಆಮೇಲೆ ಕೆಲವು ಮನೆಗಳಿಗೆ ಮರದಿಂದ ಮರಕ್ಕೆ ಹಾಯ್ದು ಇಂಟರ್ನೆಟ್ಟಿನ ತಂತಿ ಬಂತು. ಮನೆಯಿಂದ ಕೆಲಸ ಮಾಡಿಸುವ ಬಗೆಗೆ ಇದ್ದ ದೂರಸಂಪರ್ಕದ ಕಟ್ಟಳೆಗಳನ್ನು ಕೇಂದ್ರ ಸರಕಾರವೂ ಆ ವರ್ಷದ ನವೆಂಬರಿನಲ್ಲಿ ಸಡಿಲಿಸಿತು. ಕಚೇರಿ ಗುಡ್ಡದಿಂದಿಳಿದು ಉಪ್ಪರಿಗೆಯ ಕೋಣೆಯನ್ನು ಸೇರಿತು. ಹಳೆಯ ದಂಪತಿಗಳಿಬ್ಬರೇ ಇದ್ದ ಮನೆಯಲ್ಲಿ ಮಗ ಸೊಸೆಯರ ಎಲೆಗಳೂ ಬಿದ್ದವು. ಬೆಂಗಳೂರಿನ ಬಾಡಿಗೆ ಉಳಿಯಿತು. ವಾಹನಗಳ ನಡುವೆ ಕಳೆಯುತ್ತಿದ್ದ ಹೊತ್ತೂ ಉಳಿಯಿತು.

ಹಾಗೆ ನೋಡಿದರೆ ಮಲೆನಾಡಿನ ಮನೆಯಲ್ಲಿ ದುಡಿಮೆ ಎಂದೂ ಹೊರಗಿನದಾಗಿರಲಿಲ್ಲ. ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಕೆಲಸ ನಡುರಾತ್ರಿಯವರೆಗೂ ಸಾಗುತ್ತಿತ್ತು. ಆದರೆ ಅಲ್ಲಿ ಕೈಗಳು ಹಲವಾದರೂ ಕೆಲಸ ಒಂದು. ಕೈಯೊಡನೆ ಮಾತೂ ನಡೆಯುತ್ತಿತ್ತು. ಉಪ್ಪರಿಗೆಯ ಕೆಲಸಕ್ಕೆ ಬಾಗಿಲು ಹಾಕಬೇಕು. ನ್ಯೂಯಾರ್ಕಿನಲ್ಲಿ ಬೇಸಗೆಯ ಬೆಳಗಿನ ಹತ್ತು ಗಂಟೆಯೆಂದರೆ ಇಲ್ಲಿ ಸಂಜೆಯ ಏಳೂವರೆ. ದೇವರ ದೀಪಕ್ಕೂ ಊಟಕ್ಕೂ ನಡುವಣ ಹೊತ್ತು. ಮಗನ ದನಿ ಮಾತ್ರ ಮಾಳಿಗೆಯಿಂದ ಇಳಿದು ಬರುತ್ತಿತ್ತು. ಸೊಸೆಯ ಪಾಡು ಇನ್ನೂ ಕಠಿನ. ಮನೆಯಲ್ಲಿಯೇ ಇರುವ ಹೆಂಗಸು ಬಿಡುವಾಗಿಯೇ ಇರಬೇಕೆಂಬುದು ನೆಂಟರಿಷ್ಟರ ನಂಬಿಕೆ. ಒಂದು ಕಿವಿ ಕಚೇರಿಗೆ, ಇನ್ನೊಂದು ಕುಕ್ಕರಿನ ಸೀಟಿಗೆ.

ಮಳೆ ಬಿಡುವು ಕೊಟ್ಟ ಒಂದು ಮುಂಜಾನೆ. ಕೊಳೆರೋಗಕ್ಕೆ ಮದ್ದು ಹೊಡೆಯಲು ಅಂಥ ಹೊಳವು ಸಿಗುವುದೇ ಅಪರೂಪ. ಅಂದು ತಪ್ಪಿದರೆ ಒಂದು ವರ್ಷದ ಫಸಲು ಮರದ ಬುಡದಲ್ಲಿ ಕೊಳೆತು ಬೀಳುವ ಭಯ. ಮೈಲುತುತ್ತ, ಸುಣ್ಣ ಕಲಸಿಟ್ಟಾಗಿತ್ತು. ಮರವೇರುವ ಕೊನೆಗೌಡನೂ ಬಂದಿದ್ದ. ಕೆಳಗೆ ಪೈಪು ಎಳೆದು ಕೊಡಲು ಆಳಿಲ್ಲ. ಎಪ್ಪತ್ತು ದಾಟಿದ ತಂದೆ ಮೆಟ್ಟಿಲು ಹತ್ತಿ ಬಾಗಿಲು ಸರಿಸಿ, “ತಮಾ, ಮಳೆ ಹೊಳವಾತು. ಒಂದು ತಾಸು ಬಪ್ಪಲಾಗ್ತ?” ಎಂದರು. ಮಗ ತೆರೆಯಿಂದ ಕಣ್ಣು ಕೀಳದೆ ಅಂಗೈಯೆತ್ತಿ ಸನ್ನೆ ಮಾಡಿದ. ಅವರು ಸದ್ದಾಗದಂತೆ ಬಾಗಿಲೆಳೆದುಕೊಂಡು ಇಳಿದರು. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಲ್ಲಿ ಅವನಿಗೆ ಕಂಡದ್ದು, ಕೆಸರಿನಲ್ಲಿ ಪೈಪನ್ನು ಹೆಗಲಿಗೆ ಹಾಕಿ ಎಳೆಯುತ್ತಿದ್ದ ಅಪ್ಪಯ್ಯ. ಮರುದಿನ ಅವನು ರಜೆ ಹಾಕಿ ಬರಿಗಾಲಿನಲ್ಲಿ ತೋಟಕ್ಕಿಳಿದ. ಮರುದಿನ ಮತ್ತೆ ಮಳೆ.

2022ರಿಂದೀಚೆಗೆ ಕಚೇರಿಗಳು ಒಂದೊಂದಾಗಿ ಹಿಂದಕ್ಕೆ ಕರೆದವು. ವಾರಕ್ಕೆ ಮೂರು ದಿನ ಬಂದರೆ ಸಾಕೆಂಬ ಔದಾರ್ಯ ಬೆಂಗಳೂರಿನ ಬಡಾವಣೆಯಲ್ಲಿರುವವರಿಗೆ ಅನುಕೂಲವೇ ಸರಿ. 400 ಕಿಲೋಮೀಟರಿನಾಚೆಯ ಕಣಿವೆಗೆ ಮೂರು ದಿನವೂ ಒಂದೇ, ಆರು ದಿನವೂ ಒಂದೇ. ಈ ಮನೆಯ ಮಗ ಸೊಸೆಯರೂ ರಾತ್ರಿಯ ಬಸ್ಸು ಹಿಡಿದರು.

ಉಪ್ಪರಿಗೆಯ ಕೋಣೆಯಲ್ಲಿ ಈಗ ಚಾಲಿ ಅಡಿಕೆಯ ಮೂಟೆಗಳಿವೆ. ಮೇಜನ್ನು ಮಾತ್ರ ಸರಿಸಿಲ್ಲ. ಗಾಳಿಗೆ ಕೊಂಬೆ ಬಿದ್ದು ತಂತಿ ಹರಿದಾಗಲೆಲ್ಲ ಯಜಮಾನರೇ ಪೇಟೆಗೆ ಹೋಗಿ ರಿಪೇರಿಯವನನ್ನು ಕರೆತರುತ್ತಾರೆ. ತಿಂಗಳ ಬಿಲ್ಲನ್ನೂ ತಪ್ಪದೆ ಕಟ್ಟುತ್ತಾರೆ.